ಪಿಸುಮಾತಿಗೆ ಕಿವಿಗೊಟ್ಟ ಯಂತ್ರ

ನಮ್ಮ ಊರುಗಳಲ್ಲಿ 'ಮೈಕು' ಎಂದರೆ ಮರದ ಕೊಂಬೆಗೋ ದೀಪದ ಕಂಬಕ್ಕೋ ಕಟ್ಟಿದ, ಉಮ್ಮತ್ತಿಯ ಹೂವಿನಂತೆ ಬಾಯಿ ತೆರೆದುಕೊಂಡ ಕೊಳವೆ ಎಂದೇ ಅರ್ಥ. ಜಾತ್ರೆಯೆನ್ನದೆ, ಮದುವೆಯೆನ್ನದೆ, ಮಕ್ಕಳ ಪರೀಕ್ಷೆಯ ಕಾಲವೆನ್ನದೆ ಅದು ಅರಚುತ್ತದೆ. ನಾವು ಅದಕ್ಕೆ 'ಮೈಕಾಸುರ' ಎಂದು ಹೆಸರಿಟ್ಟು ಶಪಿಸುತ್ತೇವೆ. ನ್ಯಾಯವಾಗಿ ನೋಡಿದರೆ ಅದು ಮೈಕಲ್ಲ. ಅದು ಧ್ವನಿವರ್ಧಕದ ಬಾಯಿ. ಮೈಕು ಬಾಯಿಯಲ್ಲ, ಕಿವಿ. ಅರಚುವವನ ಪಾಪವನ್ನು ಕೇಳುವವನ ತಲೆಗೆ ಕಟ್ಟಿ ಬಹುಕಾಲದಿಂದ ನಾವು ನಡೆಸಿಕೊಂಡು ಬಂದಿರುವ ಅನ್ಯಾಯಗಳಲ್ಲಿ ಇದೂ ಒಂದು.

ಆ ಕಿವಿಗಳಲ್ಲಿಯೂ ಹಲವು ಜಾತಿಗಳುಂಟು. ಸಭೆಯಲ್ಲಿ ಭಾಷಣಕಾರರು ಕೈಯಲ್ಲಿ ಹಿಡಿದು ತಟ್ಟಿ ನೋಡುವ ಗಟ್ಟಿಮುಟ್ಟಾದ ಮೈಕು ಒಂದು ಜಾತಿ. ದೂರವಾಣಿಯೊಳಗೆ ಅಡಗಿ ಕುಳಿತ ಸಾಸುವೆ ಗಾತ್ರದ್ದು ಇನ್ನೊಂದು. ನಾನು ಈ ಹೊತ್ತು ಹೇಳಹೊರಟಿರುವುದು ಸಭೆಗೆ ಬಾರದ, ಬೀದಿಗೆ ಇಳಿಯದ, ಧ್ವನಿಮುದ್ರಣದ ಕೊಠಡಿಯನ್ನು ಬಿಟ್ಟು ಕದಲದ ಒಂದು ಕುಲೀನ ಜಾತಿಯನ್ನು ಕುರಿತು. ಅದನ್ನು ದೊಡ್ಡ ಪೊರೆಯ ಕಂಡೆನ್ಸರ್ ಮೈಕು ಎನ್ನುತ್ತಾರೆ. ಚಿತ್ರಪಟಗಳಲ್ಲಿ ನೀವು ಅದನ್ನು ಕಂಡಿರುತ್ತೀರಿ: ಹಿನ್ನೆಲೆ ಗಾಯಕರ ಮುಖದೆದುರಿಗೆ, ಕೆಲವೊಮ್ಮೆ ತಲೆಕೆಳಗಾಗಿ ತೂಗುಬಿಟ್ಟಿರುವ, ತಂತಿಬಲೆಯ ಟೋಪಿ ಧರಿಸಿದ ಲೋಹದ ಉರುಳೆ. ಗಾಯಕರು ಅದನ್ನು ಮುಟ್ಟುವುದಿಲ್ಲ; ಒಂದು ಗೇಣು ದೂರ ನಿಂತು, ಕಣ್ಣು ಮುಚ್ಚಿ, ಅದಕ್ಕೆ ಗುಟ್ಟು ಹೇಳುವವರಂತೆ ಹಾಡುತ್ತಾರೆ. ಆ ಗುಟ್ಟು ಹೇಳುವ ಭಂಗಿಯೇ ನನ್ನ ವಿಷಯ. ಒಂದು ಶತಮಾನದ ಹಿಂದೆ ಆ ಭಂಗಿ ಇರಲಿಲ್ಲ.

1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೊಠಡಿಯಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಅಲ್ಲಿ ಮೈಕು ಇರಲಿಲ್ಲ. ಧ್ವನಿಯನ್ನು ಹಿಡಿಯುವುದಕ್ಕೆ ವಿದ್ಯುತ್ತಿನ ಸಹಾಯವೇ ಇರಲಿಲ್ಲ. ಇದ್ದದ್ದು ಒಂದು ತಗಡಿನ ಕೊಳವೆ, ಅದರ ಕಿರಿದಾದ ತುದಿಯಲ್ಲಿ ಒಂದು ಪೊರೆ, ಪೊರೆಗೆ ಹೊಂದಿಸಿದ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ಮೇಣವನ್ನು ಕೊರೆಯುವ ಬಲವೆಲ್ಲ ಗಾಯಕಿಯ ಎದೆಯಿಂದಲೇ ಬರಬೇಕು. ಆದುದರಿಂದ ಮುಖವನ್ನು ಕೊಳವೆಯ ಬಾಯಿಗೆ ಹಿಡಿದು, ಕಂಠವನ್ನು ಎತ್ತರಿಸಿ, ಮೂರು ನಿಮಿಷಗಳೊಳಗೆ ಒಂದು ರಾಗವನ್ನು ಮುಗಿಸಿ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿ ಆಕೆ ವಿರಮಿಸಿದರು. ಆ ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಮುಂದೆ ಆ ಮಹಾಗಾಯಕಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಹೆಸರಾಂತ ಮುದ್ರಿಕೆಗಳು ತಗಡಿನ ಕೊಳವೆಯ ಕಾಲದವು. ಇಂದು ಅವನ್ನು ಕೇಳುವಾಗ ನಮಗೆ ಸಿಗುವುದು ಆಕೆಯ ಕಂಠದ ಬಲ. ಅದರ ಮಾರ್ದವವನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ಇದು ಮುದ್ರಣದ ಕೊಠಡಿಗೆ ಮಾತ್ರ ಸೇರಿದ ಕಷ್ಟವಾಗಿರಲಿಲ್ಲ. ನಮ್ಮ ವೃತ್ತಿ ನಾಟಕ ಕಂಪನಿಗಳನ್ನು ನೆನೆಯಿರಿ. ತಗಡಿನ ಚಪ್ಪರದಡಿ, ಮಳೆ ಬಂದರೆ ಮಳೆಯ ಸದ್ದನ್ನೂ ಗೆದ್ದು, ನೆಲದ ಮೇಲೆ ಕುಳಿತ ಕೊನೆಯ ಸಾಲಿನವನಿಗೆ ಪದ್ಯದ ಸಾಹಿತ್ಯ ಕೇಳುವಂತೆ ಹಾಡಬಲ್ಲವನೇ ನಟ. ನಾಯಕ ನಾಯಿಕೆಯ ಕಿವಿಯಲ್ಲಿ ಪ್ರೇಮ ನಿವೇದನೆ ಮಾಡುವುದೂ ತಾರಸ್ಥಾಯಿಯಲ್ಲೇ. ಪ್ರೇಕ್ಷಕರು ಅದನ್ನು ಪಿಸುಮಾತೆಂದು ಒಪ್ಪಿಕೊಳ್ಳುತ್ತಿದ್ದರು. ಅದು ಆ ಕಾಲದ ಕಲೆಗೂ ರಸಿಕರಿಗೂ ಇದ್ದ ಒಡಂಬಡಿಕೆ. ಸಣ್ಣ ದನಿಯವರಿಗೆ, ಅವರ ಹೃದಯ ಎಷ್ಟೇ ದೊಡ್ಡದಾಗಿರಲಿ, ಆ ವೇದಿಕೆಯಲ್ಲಿ ಸ್ಥಳವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ ಯಂತ್ರದ ಬೀಜ ಬಿದ್ದದ್ದು 1916ರಲ್ಲಿ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಇ. ಸಿ. ವೆಂಟೆ ಎಂಬ ಭೌತವಿಜ್ಞಾನಿ ಧ್ವನಿಯನ್ನು ನಿಖರವಾಗಿ ಅಳೆಯಬಲ್ಲ ಉಪಕರಣವೊಂದನ್ನು ರೂಪಿಸಿದರು. ಅಲ್ಲಿಯವರೆಗೆ ದೂರವಾಣಿಗಳಲ್ಲಿ ಬಳಕೆಯಲ್ಲಿದ್ದುದು ಇದ್ದಿಲಿನ ಹರಳುಗಳನ್ನು ತುಂಬಿದ ಮೈಕು. ಮಾತಿನ ಒತ್ತಡಕ್ಕೆ ಹರಳುಗಳು ಒಂದಕ್ಕೊಂದು ಅಮುಕಿಕೊಂಡು ವಿದ್ಯುತ್ತಿನ ಹರಿವನ್ನು ಏರಿಳಿಸುತ್ತಿದ್ದವು. ಗಟ್ಟಿಮುಟ್ಟಾದ, ಅಗ್ಗವಾದ ಸಾಧನ. ಆದರೆ ಬಾಣಲೆಯಲ್ಲಿಟ್ಟ ಒಗ್ಗರಣೆಯಂತೆ ಸದಾ ಚುಯ್ಯೆನ್ನುತ್ತಿತ್ತು. ವೆಂಟೆಯವರು ಹರಳುಗಳನ್ನೇ ಕೈಬಿಟ್ಟು ವಿದ್ಯುತ್ ಧಾರಕದ ತತ್ತ್ವವನ್ನು ಹಿಡಿದರು. ಧಾರಕಕ್ಕೆ ಅಂದಿನ ಇಂಗ್ಲಿಷಿನ ಹೆಸರು ಕಂಡೆನ್ಸರ್. ಆ ಹೆಸರು ಮೈಕಿಗೆ ಅಂಟಿಕೊಂಡು ಉಳಿದುಬಂದಿದೆ.

ತತ್ತ್ವ ಸರಳವಾದುದು. ಮೃದಂಗದ ಮುಚ್ಚಿಗೆಯಂತೆ ಬಿಗಿದ ಒಂದು ತೆಳುವಾದ ಪೊರೆ. ವಿದ್ಯುತ್ತು ಹರಿಯಬಲ್ಲ ಮೈ ಅದಕ್ಕಿರಬೇಕು. ಅದರ ಬೆನ್ನಿಗೆ, ತೀರ ಸಮೀಪದಲ್ಲಿ, ಆದರೆ ತಾಗದಂತೆ, ಅಲುಗಾಡದ ಲೋಹದ ತಟ್ಟೆ. ಇವೆರಡರ ನಡುವೆ ಒಂದಿಷ್ಟು ವಿದ್ಯುದಂಶವನ್ನು ತುಂಬಿ ಬಿಟ್ಟಿರುತ್ತಾರೆ. ಇದನ್ನು ಹೀಗೆ ಊಹಿಸಿಕೊಳ್ಳಿ: ಒಂದು ಕೊಳದಲ್ಲಿ ಅಳೆದು ಹೊಯ್ದ ನೀರಿದೆ, ಒಳಗೆ ಬರುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಕೊಳದ ದಂಡೆಗಳು ತುಸು ಹಿಗ್ಗಿದರೆ ನೀರಿನ ಮಟ್ಟ ಇಳಿಯುತ್ತದೆ, ಕುಗ್ಗಿದರೆ ಏರುತ್ತದೆ. ಪೊರೆಯು ತಟ್ಟೆಯ ಕಡೆಗೆ ಬಾಗಿದಾಗ ಧಾರಕದ ಹಿಡಿತ ಹಿಗ್ಗುತ್ತದೆ, ವಿದ್ಯುತ್ತಿನ ಮಟ್ಟ ಇಳಿಯುತ್ತದೆ. ಪೊರೆ ಹಿಂದೆ ಸರಿದಾಗ ಮಟ್ಟ ಏರುತ್ತದೆ. ಪೊರೆಯನ್ನು ಬಾಗಿಸುವುದು ನಮ್ಮ ಧ್ವನಿ. ಹೀಗೆ ಧ್ವನಿಯ ಅಲೆ ಹೇಗೋ ವಿದ್ಯುತ್ತಿನ ಅಲೆಯೂ ಹಾಗೆಯೇ. ಬಾರಿಸಿದರೆ ಸದ್ದು ಹುಟ್ಟುವುದು ಮೃದಂಗದ ಮುಚ್ಚಿಗೆ. ಸದ್ದೇ ಬಂದು ಬಾರಿಸುವುದು ಈ ಮುಚ್ಚಿಗೆ.

ಬಾರಿಸುವ ಕೈ ಎಷ್ಟು ಹಗುರವೆಂಬುದನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ನಾವು ಸಾಧಾರಣ ದನಿಯಲ್ಲಿ ಮಾತನಾಡಿದಾಗ ಒಂದು ಮೀಟರು ದೂರದಲ್ಲಿ ಉಂಟಾಗುವ ಒತ್ತಡದ ಏರಿಳಿತವು ನಮ್ಮನ್ನು ಸುತ್ತಿರುವ ವಾಯುಮಂಡಲದ ಒತ್ತಡದ 50 ಲಕ್ಷದಲ್ಲಿ ಒಂದು ಪಾಲಿನಷ್ಟು. ಈ ಸ್ಪರ್ಶಕ್ಕೆ ಓಗೊಡಬೇಕಾದರೆ ಪೊರೆ ತೀರ ಹಗುರವಾಗಿರಬೇಕು. ಇಂದಿನ ಒಳ್ಳೆಯ ಮೈಕುಗಳಲ್ಲಿ ಅದು ಪ್ಲಾಸ್ಟಿಕ್ಕಿನ ಹಾಳೆ; ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗದ ಆಸುಪಾಸು, ಎಂದರೆ ತಲೆಗೂದಲಿನ ಹತ್ತನೆಯ ಒಂದು ಪಾಲು. ಅದರ ಮೇಲೆ ಚಿನ್ನದ ಲೇಪ; ಆ ಲೇಪ ಇನ್ನೂ ಎಷ್ಟೋ ಪಟ್ಟು ತೆಳುವಾದುದು. ಇಂಥ ಪೊರೆ ಮೀಟರು ದೂರದ ಮಾತಿಗೆ ಬಾಗುವುದಾದರೂ ಎಷ್ಟು? ಕೆಲವೇ ಪರಮಾಣುಗಳನ್ನು ಸಾಲಾಗಿ ಜೋಡಿಸಿದರೆ ಎಷ್ಟು ಉದ್ದವಾಗುವುದೋ ಅಷ್ಟು. ನಾವು ಬಲವಾದ ಮಾತು ಎಂದು ಭಾವಿಸಿ ಆಡಿದ್ದೆಲ್ಲ ಚಿನ್ನದ ಪೊರೆಯ ಮೇಲೆ ಇಷ್ಟೇ ಇಷ್ಟು ಗುರುತು ಮೂಡಿಸುತ್ತದೆ.

ಹಾಗೆ ಹುಟ್ಟಿದ ವಿದ್ಯುತ್ತೂ ಅಷ್ಟೇ ದುರ್ಬಲ. ಅದನ್ನು ತಂತಿಯ ಮೇಲೆ ನಾಲ್ಕು ಮಾರು ಕಳುಹಿಸಿದರೂ ದಾರಿಯಲ್ಲಿಯೇ ಸೋರಿಹೋಗುತ್ತದೆ. ಆದುದರಿಂದ ಅದಕ್ಕೆ ಬಲ ಕೊಡುವ ವಾಲ್ವನ್ನು ಮೈಕಿನ ಹೊಟ್ಟೆಯೊಳಗೇ ಇಡಬೇಕಾಯಿತು. ಹೊಟ್ಟೆ ದೊಡ್ಡದಾಯಿತು. ಪೊರೆಯೂ ದೊಡ್ಡದಾಗಿಯೇ ಇರಬೇಕಿತ್ತು, ಏಕೆಂದರೆ ಪೊರೆ ವಿಶಾಲವಾದಷ್ಟೂ ಧಾರಕದ ಹಿಡಿತ ಹೆಚ್ಚು. ಹಿಡಿತ ಹೆಚ್ಚಿದಷ್ಟೂ ಯಂತ್ರದ ಸ್ವಂತ ಗದ್ದಲ ಕಡಿಮೆ. ವ್ಯಾಸವು ಸುಮಾರು ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಪೊರೆಗಳನ್ನೇ ಈಗ 'ದೊಡ್ಡವು' ಎಂದು ಕರೆಯುವುದು ವಾಡಿಕೆ. ವೆಂಟೆಯವರ ಮೈಕು ಲೋಹದ ಪೊರೆಯದು. 1925ರಲ್ಲಿ ಅಮೆರಿಕದ ಗ್ರಾಮೊಫೋನ್ ಕಂಪನಿಗಳು ತಗಡಿನ ಕೊಳವೆಯನ್ನು ಬಿಟ್ಟು ವಿದ್ಯುತ್ ಮುದ್ರಣಕ್ಕೆ ತಿರುಗಿದಾಗ ಕೊಳವೆಯ ಸ್ಥಾನದಲ್ಲಿ ಬಂದು ನಿಂತದ್ದು ಇದೇ.

ಆದರೆ ಪ್ರಯೋಗಶಾಲೆಯ ಉಪಕರಣವನ್ನು ಕಲಾವಿದರ ಒಡನಾಡಿಯಾಗಿಸಿದವರು ಬರ್ಲಿನ್ನಿನ ಗೆಯೋರ್ಗ್ ನಾಯ್‌ಮನ್. ಅಮೃತಶಿಲೆಯ ದಿಂಡಿನಲ್ಲಿ ಇದ್ದಿಲಿನ ಪುಡಿ ತುಂಬಿದ ಜರ್ಮನ್ ಮೈಕೊಂದರ ನಿರ್ಮಾಣದಲ್ಲಿ ಪಳಗಿದ್ದ ಅವರು 1928ರಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದು, ಮಾರುಕಟ್ಟೆಗೆಂದೇ ಸಾಲುಸಾಲಾಗಿ ಕಂಡೆನ್ಸರ್ ಮೈಕುಗಳನ್ನು ತಯಾರಿಸತೊಡಗಿದರು. ಅದರ ಹೆಸರು ಸಿಎಂವಿ 3. ಎತ್ತರ ಸುಮಾರು 40 ಸೆಂಟಿಮೀಟರು, ತೂಕ ಸುಮಾರು 3 ಕಿಲೋಗ್ರಾಂ. ಜನ ಅದನ್ನು 'ನಾಯ್‌ಮನ್ ಬಾಟಲಿ' ಎಂದೇ ಕರೆದರು. ಬಾಟಲಿಯ ನೆತ್ತಿಯ ಮೇಲಿನ ಪೊರೆಯ ಡಬ್ಬಿಯನ್ನು ಬಿಚ್ಚಿ ಬೇರೆಯದನ್ನು ತೊಡಿಸಬಹುದಿತ್ತು. ಹಾಗೆ ತೊಡಿಸುತ್ತಿದ್ದ ಡಬ್ಬಿಗಳಲ್ಲಿ ಎಂ 7 ಎಂಬುದೊಂದು. ಪಿವಿಸಿ ಪ್ಲಾಸ್ಟಿಕ್ಕಿನ ಪೊರೆ, ಅದರ ಮೇಲೆ ಚಿನ್ನ. ಈ ಜಾತಿಯ ಮೈಕುಗಳ ವಂಶವೃಕ್ಷವನ್ನು ಬರೆಯಹೊರಟರೆ ಬೇರಿನಲ್ಲಿ ಸಿಗುವುದು ಇದೇ ಡಬ್ಬಿ.

ಆ ಬಾಟಲಿಯ ಮುಂದೆ ಹಾಡಿದವರು ಮಾತ್ರ ನಿಂತಿದ್ದರೆ ಕಥೆ ನಿರ್ಮಲವಾಗಿರುತ್ತಿತ್ತು. 1930ರ ದಶಕದ ಜರ್ಮನಿಯಲ್ಲಿ ಬಾನುಲಿಯು ಸರ್ಕಾರದ ನಾಲಿಗೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಬಾಟಲಿಗಳು ಬಳಕೆಯಾದವು. ಆ ಕಾಲದ ಸರ್ವಾಧಿಕಾರಿಯ ಭಾಷಣಗಳ ಛಾಯಾಚಿತ್ರಗಳಲ್ಲಿಯೂ ಅವು ಕಾಣಿಸಿಕೊಳ್ಳುತ್ತವೆ. ನನಗೆ ಇದರಲ್ಲಿ ಸೋಜಿಗವೆನಿಸುವುದು ಒಂದು ಸಂಗತಿ. ಪರಮಾಣುವಿನಷ್ಟು ಕದಲಿಕೆಗೂ ಕಿವಿಗೊಡಬಲ್ಲ ಯಂತ್ರದ ಮುಂದೆ ನಿಂತು ಆತ ಅಬ್ಬರಿಸುತ್ತಿದ್ದ. ಅದೇ ದಶಕದಲ್ಲಿ, 1933ರ ಮಾರ್ಚಿನಲ್ಲಿ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರು ಮೈಕಿನೆದುರು ಕುಳಿತು, ಮನೆಯ ಜಗಲಿಯ ಮೇಲೆ ನೆರೆಯವನೊಡನೆ ಮಾತನಾಡುವ ದನಿಯಲ್ಲಿ ಬ್ಯಾಂಕುಗಳ ಸಂಕಟವನ್ನು ದೇಶಕ್ಕೆ ವಿವರಿಸಿದರು. ಇಬ್ಬರೂ ತಮ್ಮ ತಮ್ಮ ಜನರನ್ನು ತಲುಪಿದರು. ಯಂತ್ರ ಇಬ್ಬರಿಗೂ ಸಮನಾಗಿ ದುಡಿಯಿತು. ಮೆಲುದನಿಯೆಂದಮಾತ್ರಕ್ಕೆ ಅದು ಸತ್ಯದ ದನಿಯೆಂದು ಹೇಳಲು ನಾನು ಸಿದ್ಧನಿಲ್ಲ; ಪಿಸುಮಾತಿನಲ್ಲಿ ಸುಳ್ಳು ಹೇಳುವುದು ಕೂಗಿ ಹೇಳುವುದಕ್ಕಿಂತ ಸುಲಭವೂ ಆಗಿರಬಹುದು.

ಯುದ್ಧ ಆ ಕಾರ್ಖಾನೆಯನ್ನೂ ಬಿಡಲಿಲ್ಲ. 1943ರಲ್ಲಿ ಬರ್ಲಿನ್ನಿನ ಮೇಲೆ ಬಿದ್ದ ಬಾಂಬುಗಳಿಂದ ಅದು ಹಾಳಾದಾಗ ಉಳಿದ ಯಂತ್ರಗಳನ್ನು ಥುರಿಂಗಿಯಾ ಪ್ರಾಂತದ ಗೆಫೆಲ್ ಎಂಬ ಸಣ್ಣ ಊರಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಗೆಫೆಲ್ ಸೋವಿಯತ್ ವಲಯಕ್ಕೆ ಸೇರಿತು. ನಾಯ್‌ಮನ್ ಅವರು ಪಶ್ಚಿಮ ಬರ್ಲಿನ್ನಿನಲ್ಲಿ ಹೊಸದಾಗಿ ಆರಂಭಿಸಿದರು. ಗೆಫೆಲ್‌ನ ಕಾರ್ಖಾನೆ ಅಲ್ಲಿಯೇ ನಡೆಯಿತು. ಒಡೆದ ದೇಶದ ಎರಡೂ ಕಡೆ ಒಂದೇ ಪೊರೆಯ ಡಬ್ಬಿ ತಯಾರಾಗುತ್ತಿತ್ತು. ದೇಶ ವಿಭಜನೆಯಾದಾಗ ಪುಸ್ತಕ ಭಂಡಾರಗಳನ್ನೂ ವಾದ್ಯಗಳನ್ನೂ ಹಂಚಿಕೊಂಡ ಕಥೆಗಳನ್ನು ನಾವು ಬಲ್ಲೆವು. ಕಿವಿಯನ್ನೂ ಹಂಚಿಕೊಂಡ ಕಥೆ ಇದು.

1949ರಲ್ಲಿ ಪಶ್ಚಿಮ ಬರ್ಲಿನ್ನಿನಿಂದ ಬಂದ ಯು 47 ಎಂಬ ಮೈಕು ಈ ಜಾತಿಗೆ ಕೀರ್ತಿ ತಂದಿತು. ಇದರಲ್ಲಿ ಎಂ 7 ಡಬ್ಬಿಯ ಎರಡೂ ಮಗ್ಗುಲಿಗೆ ಪೊರೆಗಳಿವೆ. ಬ್ರೌನ್‌ಮ್ಯೂಲ್ ಮತ್ತು ವೇಬರ್ ಎಂಬ ಜರ್ಮನ್ ವಿಜ್ಞಾನಿಗಳು 1935ರ ಸುಮಾರಿಗೆ ಕಂಡುಕೊಂಡ ಉಪಾಯವದು. ನಡುವಿನ ತಟ್ಟೆಯಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಹಿಂದಿನಿಂದ ಬಂದ ಧ್ವನಿ ಒಂದಿಷ್ಟು ತಡೆದು ಮುಂದಿನ ಪೊರೆಯ ಬೆನ್ನನ್ನು ಮುಟ್ಟುವಂತೆ ಮಾಡಿದರು. ಹಾಗೆ ಮಾಡಿದರೆ ಹಿಂದಿನ ಧ್ವನಿ ಪೊರೆಯ ಎರಡೂ ಮುಖಗಳ ಮೇಲೆ ಏಕಕಾಲಕ್ಕೆ ಒತ್ತಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮುಂದಿನದು ಮಾತ್ರ ಉಳಿಯುತ್ತದೆ. ಮೈಕು ಯಾವ ದಿಕ್ಕಿಗೆ ಎಷ್ಟು ಕಿವಿಗೊಡುತ್ತದೆಂದು ಕಾಗದದ ಮೇಲೆ ಗುರುತು ಹಾಕಿದರೆ ಹೃದಯದ ಆಕಾರ ಬರುತ್ತದೆಂದು ಪುಸ್ತಕಗಳು ಹೇಳುತ್ತವೆ. ನಮಗೆ ಪರಿಚಿತವಾದ ಹೋಲಿಕೆ ವೀಳ್ಯದೆಲೆ. ತೊಟ್ಟು ಸೇರುವಲ್ಲಿನ ತಗ್ಗು ಮೈಕಿನ ಬೆನ್ನು; ಅಲ್ಲಿ ನಿಂತವರ ಮಾತು ಅದಕ್ಕೆ ಕೇಳಿಸದು. ಯು 47ರಲ್ಲಿ ಒಂದು ಗುಂಡಿಯನ್ನು ತಿರುಗಿಸಿ ಎಲೆಯ ಆಕಾರವನ್ನೂ, ಬೇಕೆಂದರೆ ಎಲ್ಲ ದಿಕ್ಕಿಗೂ ಕಿವಿಗೊಡುವ ವೃತ್ತವನ್ನೂ ಆರಿಸಿಕೊಳ್ಳಬಹುದಿತ್ತು.

ಈ ವೀಳ್ಯದೆಲೆಯ ಗುಣಕ್ಕೆ ಒಂದು ಹುಳುಕು ಅಂಟಿಕೊಂಡು ಬಂತು. ಆ ಹುಳುಕೇ ಮೈಕಿನ ಭಾಗ್ಯವಾಯಿತು. ಪೊರೆ ಕೆಲಸ ಮಾಡುವುದು ತನ್ನ ಮುಂದಣ ಹಿಂದಣ ಒತ್ತಡಗಳ ವ್ಯತ್ಯಾಸದಿಂದ. ಕೆಳಸ್ಥಾಯಿಯ ಸ್ವರಗಳ ಅಲೆ ಬಹಳ ಉದ್ದವಾದುದರಿಂದ, ದೂರದಿಂದ ಬಂದಾಗ ಮುಂದಕ್ಕೂ ಹಿಂದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅದನ್ನು ಸರಿದೂಗಿಸುವಂತೆಯೇ ಡಬ್ಬಿಯನ್ನು ಕಟ್ಟಿರುತ್ತಾರೆ. ಆದರೆ ಬಾಯಿ ಪೊರೆಗೆ ತೀರ ಹತ್ತಿರವಾದಾಗ, ಹತ್ತಿರವಿದ್ದ ಒಂದೇ ಕಾರಣಕ್ಕೆ ಮುಂದಿನ ಒತ್ತಡ ಹಿಂದಿನದಕ್ಕಿಂತ ಬಹಳ ಹೆಚ್ಚಾಗುತ್ತದೆ. ಆಗ ಮಂದ್ರದ ಸ್ವರಗಳು ಲೆಕ್ಕಕ್ಕಿಂತ ಮಿಗಿಲಾಗಿ ಉಬ್ಬಿ ಬರುತ್ತವೆ. ಸಾಧಾರಣ ಕಂಠಕ್ಕೂ ಎದೆಯೊಳಗಿನ ಗುಂಗು ಸೇರುತ್ತದೆ. ನಿಜಜೀವನದಲ್ಲಿ ಇಷ್ಟು ಸಮೀಪದಿಂದ ನಮಗೆ ಯಾರ ದನಿ ಕೇಳಿಸುತ್ತದೆ? ತೊಟ್ಟಿಲ ಮೇಲೆ ಬಾಗಿದ ತಾಯಿಯದು, ಕಿವಿಯ ಬಳಿ ಪಿಸುಗುಟ್ಟುವ ಇನಿಯನದು, ಮರಣಶಯ್ಯೆಯಲ್ಲಿ ಮಲಗಿದವರದು. ಕೇಳುಗರ ಮನಸ್ಸು ಆ ಉಬ್ಬಿದ ಮಂದ್ರವನ್ನು ಕೇಳಿದೊಡನೆ, ಇದು ನನ್ನವರ ದನಿ ಎಂದು ಭ್ರಮಿಸುತ್ತದೆ.

ಆ ಭ್ರಮೆಗೆ ಮೊದಮೊದಲು ವಿರೋಧವೂ ಬಂತು. ಅಮೆರಿಕದಲ್ಲಿ 1920ರ ದಶಕದ ಕೊನೆಗೆ, ಮೈಕುಗಳ ಎದುರು, ಮೆಲುದನಿಯಲ್ಲಿ ಹಾಡುವ ಗಾಯಕರ ಗುಂಪೊಂದು ತಲೆಯೆತ್ತಿತು. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಓಕಾನೆಲ್ ಅವರು ಆ ಗಾಯನವನ್ನು ನೀತಿಗೆಟ್ಟುದೆಂದು ಬಹಿರಂಗವಾಗಿ ಖಂಡಿಸಿದರು. ಧರ್ಮಗುರುಗಳ ಕೋಪವನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಆದರೆ ಅವರಿಗೆ ಒಂದು ವಿಷಯ ಸರಿಯಾಗಿ ಅರ್ಥವಾಗಿತ್ತು: ಸಭಾಮಂದಿರದಲ್ಲಿ ಸಾವಿರ ಜನರೆದುರು ಹಾಡುವ ದನಿ ಸಾರ್ವಜನಿಕವಾದುದು, ಈ ದನಿ ಮಾತ್ರ ಮನೆಯೊಳಗೆ ಬಂದು, ಹಾಸಿಗೆಯ ಪಕ್ಕದಲ್ಲಿ ಕುಳಿತು, ಒಬ್ಬೊಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತನಾಡುತ್ತಿತ್ತು. ಫ್ರಾಂಕ್ ಸಿನಾತ್ರಾ ಅವರ 1950ರ ದಶಕದ ಮುದ್ರಿಕೆಗಳು ಈ ಕಲೆಯ ಶಿಖರ. ಆ ಕಾಲದ ಚಿತ್ರಗಳಲ್ಲಿ ಅವರ ಎದುರಿಗೆ ಯು 47 ನಿಂತಿರುತ್ತದೆ. ಲಂಡನ್ನಿನ ಆ್ಯಬಿ ರಸ್ತೆಯ ಸ್ಟುಡಿಯೋದಲ್ಲಿ ಬೀಟಲ್ಸ್ ತರುಣರು ಹಾಡಿದ್ದೂ ಅದಕ್ಕೆ ಮತ್ತು ಅದರ ತಮ್ಮನಾದ ಯು 48ಕ್ಕೆ. ಯು 48 ಮುಂದಕ್ಕೂ ಹಿಂದಕ್ಕೂ ಸಮನಾಗಿ ಕಿವಿಗೊಡಬಲ್ಲದಾದುದರಿಂದ ಇಬ್ಬರು ಎದುರುಬದುರು ನಿಂತು ಒಂದೇ ಮೈಕಿಗೆ ಹಾಡಬಹುದಿತ್ತು.

ನಮ್ಮಲ್ಲಿ ಈ ಬದಲಾವಣೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರಾಜ್‌ಕುಮಾರ್ ಅವರು ಗುಬ್ಬಿ ಕಂಪನಿಯ ರಂಗದ ಮೇಲೆ, ಕೊನೆಯ ಸಾಲಿಗೆ ದನಿ ಎಸೆಯುವ ಕಲೆಯಲ್ಲಿ ಪಳಗಿ ಬಂದವರು. ಆದರೆ ತೆರೆಯ ಮೇಲೆ ಅವರ ತುಟಿಗಳಿಗೆ ಬಹುಕಾಲ ಒದಗಿದ್ದು ಪಿ. ಬಿ. ಶ್ರೀನಿವಾಸ್ ಅವರ ಕಂಠ. ಅದು ಎಸೆಯುವ ಕಂಠವಲ್ಲ, ಹತ್ತಿರ ಕರೆಯುವ ಕಂಠ. ನಾಟಕದ ಚಪ್ಪರದಲ್ಲಿ ಅದು ಮೂರನೆಯ ಸಾಲನ್ನೂ ದಾಟುತ್ತಿತ್ತೋ ಇಲ್ಲವೋ. ಸ್ಟುಡಿಯೋದ ಮೈಕಿನ ಮುಂದೆ ಅದು ಇಡೀ ನಾಡಿನ ದನಿಯಾಯಿತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ರಾಜ್‌ಕುಮಾರ್ ಅವರೇ ತಮ್ಮ ಹಾಡುಗಳನ್ನು ಹಾಡತೊಡಗಿದಾಗ, ರಂಗಭೂಮಿಯ ಕಸುವು ಮೈಕಿನ ನಯದೊಡನೆ ಕೂಡಿಕೊಂಡಿತು. ಎರಡೂ ನಮಗೆ ಪ್ರಿಯ. ಆದರೆ ಮೊದಲನೆಯದು ಕಲೆಯಾಗಿ ಮನ್ನಣೆ ಪಡೆದದ್ದು ಯಂತ್ರದ ಕೃಪೆಯಿಂದ ಎಂಬುದನ್ನು ಒಪ್ಪಿಕೊಳ್ಳಬೇಕು.

ಗಾಯನಕ್ಕೆ ಆದದ್ದೇ ಗದ್ಯಕ್ಕೂ ಆಯಿತು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರಷ್ಟೆ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಮನಶ್ಶಾಸ್ತ್ರಜ್ಞರೊಬ್ಬರು ಬಾನುಲಿಯನ್ನು ಹುಟ್ಟುಹಾಕಿದ್ದು ಆಕಸ್ಮಿಕವಿರಬಹುದು. ನನಗಂತೂ ಅದು ಅರ್ಥಪೂರ್ಣವಾಗಿ ಕಾಣುತ್ತದೆ. ಉಪನ್ಯಾಸವೆಂದರೆ ಅಲ್ಲಿಯವರೆಗೆ ಸಭೆಗೆ ಹೇಳಿದ್ದು. 'ಮಹಾಜನಗಳೇ' ಎಂದು ಆರಂಭಿಸಿ, ಮೇಜು ಕುಟ್ಟಿ, ಚಪ್ಪಾಳೆಗಾಗಿ ತಡೆದು ಮುಂದುವರಿಯುವ ಗದ್ಯ ಅದು. ಬಾನುಲಿ ಭಾಷಣಕ್ಕೆ ಸಭೆಯಿಲ್ಲ. ಅಡುಗೆಮನೆಯಲ್ಲಿರುವ ಒಬ್ಬರು, ಅಂಗಡಿಯಲ್ಲಿರುವ ಒಬ್ಬರು, ಜ್ವರದಲ್ಲಿ ಮಲಗಿರುವ ಒಬ್ಬರು, ಪ್ರತಿಯೊಬ್ಬರೂ ಒಂಟಿ. ಕನ್ನಡದಲ್ಲಿ ಹರಟೆ, ಪ್ರಬಂಧ, ಚಿಂತನಗಳು ಬಾನುಲಿಯಲ್ಲಿ ಕಂಡುಕೊಂಡ ಆಪ್ತವಾದ ವಾಕ್ಯರೀತಿಗೆ ಮೈಕಿನ ಈ ಸಮೀಪಗುಣವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಬರಹಗಾರರು ಕಾಗದದ ಮೇಲೆ ಬರೆದದ್ದನ್ನು ಮೈಕಿನೆದುರು ಓದಿದಾಗ ಉದ್ದುದ್ದ ಸಮಾಸಗಳು ತಾವಾಗಿಯೇ ಬಿಡಿಬಿಡಿಯಾದವು.

ಕಂಡೆನ್ಸರ್ ಮೈಕಿನ ಕಿವಿ ಎಷ್ಟು ಚುರುಕೆಂದರೆ ಹಾಳೆ ತಿರುವಿದ ಸದ್ದು, ನುಂಗಿದ ಎಂಜಲು, ವಾಕ್ಯದ ನಡುವಣ ಉಸಿರು, ಯಾವುದೂ ಅದರಿಂದ ತಪ್ಪಿಸಿಕೊಳ್ಳಲಾರದು. ಕನ್ನಡ ನುಡಿಯುವವರಿಗೆ ಅದು ವಿಶೇಷ ಪರೀಕ್ಷೆ. ಪಕಾರ ಬಕಾರಗಳು, ಅದರಲ್ಲಿಯೂ ಮಹಾಪ್ರಾಣವನ್ನು ಶುದ್ಧವಾಗಿ ಉಚ್ಚರಿಸಬೇಕೆಂದು ಹಟ ಹಿಡಿದವರ ಫಕಾರ ಭಕಾರಗಳು ಗಾಳಿಯ ಗುದ್ದಾಗಿ ಹೋಗಿ ಪೊರೆಗೆ ಬಡಿಯುತ್ತವೆ. 'ಪ್ರಭಾತ' ಎಂದರೆ ಎರಡು ಗುದ್ದು. ಇದಕ್ಕೆ ಸ್ಟುಡಿಯೋದವರು ಕಂಡುಕೊಂಡ ಮದ್ದು ಬಹಳ ಸಾದಾ: ತಂತಿಯ ಬಳೆಯೊಂದಕ್ಕೆ ನೈಲಾನಿನ ಕಾಲುಚೀಲವನ್ನು ಬಿಗಿದು ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸುವುದು. ಸದ್ದು ದಾಟುತ್ತದೆ, ಗಾಳಿ ಚದರುತ್ತದೆ.

ಈಗ ನಿಜದ ಪ್ರಶ್ನೆಗೆ ಬರೋಣ. ಈ ಮೈಕು ನಮ್ಮ ದನಿಯನ್ನು ಇದ್ದಂತೆಯೇ ಹಿಡಿಯುತ್ತದೆಯೇ? ಇಲ್ಲ. ಮಂದ್ರವನ್ನು ಉಬ್ಬಿಸುವುದನ್ನು ಆಗಲೇ ಹೇಳಿದೆ. ಮೇಲಣ ಕೆಲವು ಕಂಪನಗಳನ್ನೂ ಅದು ತುಸು ಎತ್ತಿ ಕೊಡುತ್ತದೆ. ಮಾತಿನ ವ್ಯಂಜನಗಳು ಅದರಿಂದ ಸ್ಫುಟವಾಗುತ್ತವೆ, ಶಕಾರ ಸಕಾರಗಳು ಕೆಲವೊಮ್ಮೆ ಕಿವಿಯನ್ನು ಚುಚ್ಚುತ್ತವೆ. ಇನ್ನು ಪೊರೆಯ ದೊಡ್ಡ ಗಾತ್ರವೇ ತಂದೊಡ್ಡುವ ದೋಷವೊಂದಿದೆ. ಸೆಕೆಂಡಿಗೆ 13,000 ಅಥವಾ 14,000 ಕಂಪನಗಳ ಧ್ವನಿಯ ಒಂದು ಅಲೆಯ ಉದ್ದ ಒಂದು ಅಂಗುಲ, ಎಂದರೆ ಪೊರೆಯ ವ್ಯಾಸದಷ್ಟೇ. ಅಂಥ ಧ್ವನಿ ಪಕ್ಕದಿಂದ ಬಂದರೆ ಪೊರೆಯ ಒಂದು ಅಂಚನ್ನು ಒತ್ತುವಾಗಲೇ ನಡುಭಾಗವನ್ನು ಎಳೆಯುತ್ತಿರುತ್ತದೆ. ಒಟ್ಟಿನಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಹೀಗೆ ಎದುರಿಗೆ ನಿಂತವರ ದನಿ ಬೆಳಗುತ್ತದೆ, ಪಕ್ಕದ ಸದ್ದುಗಳು ಮಬ್ಬಾಗುತ್ತವೆ. ಧ್ವನಿಯನ್ನು ಇದ್ದಂತೆ ಅಳೆಯಬೇಕಾದ ವಿಜ್ಞಾನಿಗಳು ಅರ್ಧ ಅಂಗುಲಕ್ಕೂ ಕಿರಿದಾದ ಪೊರೆಯ ಮೈಕುಗಳನ್ನು ಬಳಸುವುದು ಈ ಕಾರಣಕ್ಕೆ. ಅವು ಯಾರಿಗೂ ಪಕ್ಷಪಾತ ಮಾಡುವುದಿಲ್ಲ. ಗಾಯಕರು ಅವನ್ನು ಕೇಳಿ ಪಡೆಯುವುದು ಅಪರೂಪ.

ಎಂದರೆ ನಾವು ಮೆಚ್ಚುವ ಸ್ಟುಡಿಯೋ ದನಿ ಸುಳ್ಳಿನ ದನಿಯೇ? ಸಾಹಿತ್ಯವನ್ನು ಓದುವವರು ಈ ಪ್ರಶ್ನೆಗೆ ಅಂಜಬೇಕಾಗಿಲ್ಲ. ಒಬ್ಬ ಒಳ್ಳೆಯ ಕಾದಂಬರಿಕಾರ ಒಂದು ಮುಖವನ್ನು ಹತ್ತಿರ ತಂದು ಉಳಿದ ಜಾತ್ರೆಯನ್ನು ಮಬ್ಬಾಗಿಸಿದಾಗ ಅವನನ್ನು ಸುಳ್ಳುಗಾರನೆನ್ನುವುದಿಲ್ಲ. ಆದರೆ ಮಬ್ಬಾದ ಜಾತ್ರೆ ಇತ್ತೆಂಬುದನ್ನು ಮರೆಯಬಾರದು. ಇಂದು ತಲೆಮಾರುಗಳೇ ಸ್ಟುಡಿಯೋ ದನಿಯನ್ನು ಕೇಳಿ ಬೆಳೆದಿವೆ. ಮೈಕಿಲ್ಲದೆ ಹಾಡುವ ತತ್ವಪದದವರನ್ನೋ, ಬಯಲಾಟದ ಭಾಗವತರನ್ನೋ ಎದುರಿಗೆ ಕೇಳಿದಾಗ ಆ ದನಿ ಒರಟಾಗಿದೆ, ಕರ್ಕಶವಾಗಿದೆ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಬಯಲಿಗೆ ತಕ್ಕ ದನಿ ಅದು. ಒಂದು ಅಂಗುಲದ ಪೊರೆಯ ಅಭಿರುಚಿಯನ್ನು ಬಯಲಿನ ದನಿಗೆ ಒರೆಗಲ್ಲಾಗಿ ಹಿಡಿದರೆ ತಪ್ಪು ದನಿಯದಲ್ಲ. ಯಂತ್ರವು ಸಣ್ಣ ದನಿಯವರಿಗೆ ಕೊಟ್ಟದ್ದನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ದೊಡ್ಡ ದನಿಯವರಿಂದ ಅದು ಕಿತ್ತುಕೊಂಡ ಮರ್ಯಾದೆಯ ಲೆಕ್ಕವನ್ನೂ ಯಾರಾದರೂ ಇಟ್ಟಿರಬೇಕಲ್ಲವೆ?

ಯು 47ರ ಆಯುಸ್ಸು ದೀರ್ಘವಾಗಲಿಲ್ಲ. ಅದರೊಳಗಿನ ವಿಎಫ್ 14 ಎಂಬ ವಾಲ್ವು ಮೂಲತಃ ರೇಡಿಯೋ ಪೆಟ್ಟಿಗೆಗಳಿಗೆಂದು ಟೆಲಿಫುಂಕನ್ ಕಂಪನಿ ತಯಾರಿಸಿದ್ದು. 1950ರ ದಶಕದ ಕೊನೆಗೆ ಅದರ ತಯಾರಿಕೆ ನಿಂತಿತು. 1960ರಲ್ಲಿ ಯು 67 ಬಂತು. 1967ರಲ್ಲಿ ವಾಲ್ವಿಗೆ ಬದಲಾಗಿ ಟ್ರಾನ್ಸಿಸ್ಟರನ್ನು ಧರಿಸಿದ ಯು 87 ಬಂತು. ಅದರ ಪರಿಷ್ಕೃತ ರೂಪ ಇಂದಿಗೂ ಸ್ಟುಡಿಯೋಗಳ ಮೊದಲ ಆಯ್ಕೆಗಳಲ್ಲಿ ಒಂದು. ಮೈಕಿಗೆ ಬೇಕಾದ ವಿದ್ಯುತ್ತನ್ನು ಧ್ವನಿ ಹರಿಯುವ ತಂತಿಯಲ್ಲಿಯೇ ಗುಟ್ಟಾಗಿ ಕಳುಹಿಸುವ ಪದ್ಧತಿಯೂ ಆ ದಶಕದ್ದೇ. ಅದರ ಪ್ರಮಾಣ 48 ವೋಲ್ಟು ಏಕೆ? 1966ರಲ್ಲಿ ನಾರ್ವೆಯ ಬಾನುಲಿಗಾಗಿ ಇದನ್ನು ರೂಪಿಸಿದಾಗ, ಕತ್ತಲೆಯ ದೀರ್ಘ ಚಳಿಗಾಲದ ಆ ನಾಡಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಏರ್ಪಾಡು ಮೊದಲೇ ಇತ್ತಂತೆ. ಕತ್ತಲೆಗೆಂದು ಇಟ್ಟದ್ದು ಕಿವಿಗೆ ಒದಗಿತು. ನಾಯ್‌ಮನ್ ಅವರು 1976ರಲ್ಲಿ ತೀರಿಕೊಂಡರು. ಅವರ ಕಂಪನಿ 1991ರಲ್ಲಿ ಸೆನ್‌ಹೈಸರ್ ಸಂಸ್ಥೆಗೆ ಸೇರಿತು. ಗೆಫೆಲ್‌ನಲ್ಲಿ ಯುದ್ಧದ ನಂತರ ದಶಕಗಳ ಕಾಲ ಹಳೆಯ ಎಂ 7 ಡಬ್ಬಿಯನ್ನು ಪಿವಿಸಿ ಪೊರೆಯೊಡನೆಯೇ ತಯಾರಿಸುತ್ತಿದ್ದರು.

ಆ ಪಿವಿಸಿ ಪೊರೆಗೆ ಮುಪ್ಪಿದೆ. ದಶಕಗಳು ಕಳೆದಂತೆ ಅದು ಪೆಡಸಾಗುತ್ತದೆ, ಬಿರಿಯುತ್ತದೆ, ಚಿನ್ನ ಉದುರುತ್ತದೆ. ಹೊಸ ಡಬ್ಬಿಗಳಲ್ಲಿ ಹೆಚ್ಚಾಗಿ ಪಾಲಿಯೆಸ್ಟರ್ ಪೊರೆ. ಅದು ಅಷ್ಟು ಬೇಗ ಮುಪ್ಪಾಗದು. ಆದರೆ ಯಾವ ಪೊರೆಯದಾದರೂ ಈ ಮೈಕಿಗೆ ತೇವ ಆಗದು. ಅಳೆದು ತುಂಬಿದ ವಿದ್ಯುದಂಶ ಒದ್ದೆ ಗಾಳಿಯಲ್ಲಿ ಸೋರಿ, ಹುರಿಗಡಲೆ ಸಿಡಿದಂತೆ ಚಟಚಟ ಸದ್ದು ಮಾಡುತ್ತದೆ. ಕರಾವಳಿಯ ಆಷಾಢದಲ್ಲಿ ಇದನ್ನು ಇಟ್ಟುಕೊಂಡವರು ತೇವ ಹೀರುವ ಹರಳುಗಳ ಪೊಟ್ಟಣದೊಡನೆ ಡಬ್ಬಿಯಲ್ಲಿ ಮುಚ್ಚಿಡುವುದು ಒಳ್ಳೆಯದು.

ಹಿಂದೆ ಇಂಥದೊಂದು ಮೈಕನ್ನು ಕೊಳ್ಳುವುದು ಸಂಸ್ಥೆಗಳಿಗೆ ಮಾತ್ರ ಸಾಧ್ಯವಿತ್ತು. ಈಗ ಚೀನದ ಕಾರ್ಖಾನೆಗಳಿಂದ ದೊಡ್ಡ ಪೊರೆಯ ಮೈಕುಗಳು ಅಗ್ಗದ ಬೆಲೆಗೆ ಬರುತ್ತವೆ. ಕಥೆ ಓದುವವರು, ಕವಿತೆ ವಾಚಿಸುವವರು ಮನೆಯಲ್ಲಿಯೇ ಒಂದನ್ನು ಕೊಂಡಿಟ್ಟುಕೊಳ್ಳುತ್ತಾರೆ. ತಂದು ಜೋಡಿಸಿ, ಕಿವಿಗೆ ಶ್ರವಣಸಾಧನ ಹಾಕಿಕೊಂಡು ಕುಳಿತಾಗ ಮೊದಲು ಕೇಳುವುದು ಅವರ ದನಿಯಲ್ಲ: ತಲೆಯ ಮೇಲಿನ ಫ್ಯಾನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಬೀದಿಯ ತಿರುವಿನಲ್ಲಿ ಗೇರು ಬದಲಿಸುವ ಆಟೋ, ಬೋಳು ಗೋಡೆಗೆ ಬಡಿದು ಮರಳುವ ತಮ್ಮದೇ ಕೆಮ್ಮು. ಕೆಲವರು ಬಟ್ಟೆಗಳನ್ನು ತೂಗುಹಾಕಿದ ಬೀರುವಿನ ಬಾಗಿಲು ತೆರೆದು ಅದರೊಳಗೆ ಮುಖವಿಟ್ಟು ಓದುತ್ತಾರೆ. ಸೀರೆಗಳೂ ರಗ್ಗುಗಳೂ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಮೈಕಿಗೆ ಕೊಟ್ಟ ಹಣದ ಒಂದು ಪಾಲನ್ನು ದಪ್ಪನೆಯ ಪರದೆಗಳಿಗೆ ಕೊಟ್ಟಿದ್ದರೆ ಆಗುತ್ತಿತ್ತೆಂದು ಅವರಿಗೆ ಆಮೇಲೆ ತೋರುತ್ತದೆ. ಫ್ಯಾನನ್ನಂತೂ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ ಹತ್ತು ಪುಟಗಳಿಗಿಂತ ಹೆಚ್ಚು ಓದಲಾಗುವುದಿಲ್ಲ.